ಡೆಲ್ಲಿ ಓಟು, ನಮ್ಮೂರ ಓಟು

1984ರ ಡಿಸೆಂಬರ್ ಕೊನೆಯಲ್ಲಿ ನಡೆದ ಲೋಕಸಭೆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ ಪಾಲಾದವು. ರಾಜ್ಯ ಆಳುತ್ತಿದ್ದ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕೇ. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ಹೊರಟರು. ಮಾರ್ಚ್‌ನಲ್ಲಿ ಅದೇ ಮತದಾರರು ಅದೇ ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ಟರು!

ಎರಡೂ ಸಲ ಮತಗಟ್ಟೆಯಲ್ಲಿ ಕೂತು, ಮೈಸೂರಿನಲ್ಲೇ ತಯಾರಾದ ಶಾಯಿಯನ್ನು ಬೆರಳಿಗೆ ಹಚ್ಚಿದ ಮೇಷ್ಟ್ರು ನಾನು. ಓಟು ಯಾರಿಗೆ ಎಂದು ಕೇಳುವುದು ನಮ್ಮ ಕೆಲಸವಲ್ಲ. ಹಾಗಂತ ಸಂತೆಗೆ ಹೋದಾಗ ಕಿವಿ ಮುಚ್ಚಿಕೊಳ್ಳಲಾದೀತೆ? ‘ಅದು ಇಂದಿರಮ್ಮನಿಗೆ ಹಾಕಿದ್ದು ಕಣ್ರೀ, ಪಾಪ, ಕೊಂದುಬಿಟ್ರಲ್ಲ. ಇದು ನೀರಿಗೆ’ ಎಂದಿದ್ದಳು ಸೊಪ್ಪು ಮಾರುವ ಅಜ್ಜಿ.

ನೀರು ಎಂದರೆ ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆ ಕಡೆಯವರು, ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರು. ಬರದ ಆ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದರು. ಜನ ‘ನೀರ್ ಸಾಬ್’ ಎಂದೇ ಕರೆದರು. ಬಾವಿಯ ತಳ ಕೆರೆದು ಕೊಡ ತುಂಬಿಸುತ್ತಿದ್ದ ಹೆಂಗಸರಿಗೆ ಪಕ್ಷದ ಪ್ರಣಾಳಿಕೆಗಿಂತ ಪಂಪಿನ ಹಿಡಿ ಚೆನ್ನಾಗಿ ಅರ್ಥವಾಗುತ್ತಿತ್ತು.

ಹೀಗೆಂದು ಜನತಾ ಪಕ್ಷವೇ ಬಡವರ ಪಕ್ಷ ಎನ್ನಲೂ ನನಗೆ ಮನಸ್ಸಿಲ್ಲ. ನಮ್ಮ ಬೀದಿಯಲ್ಲೇ ಗೇಣಿ ಹೊಲಕ್ಕೆ ಒಡೆಯರಾದವರಿದ್ದರು. 1974ರ ಭೂಸುಧಾರಣೆ ಕಾನೂನಿನಂತೆ ಏಳನೇ ನಂಬರ್ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಎದುರು ನಡುಗುತ್ತ ನಿಂತು ಗೆದ್ದವರು. ಅದು ದೇವರಾಜ ಅರಸು ಕಾಲದ ಕಾಂಗ್ರೆಸ್ ಸರ್ಕಾರದ ಕೆಲಸ. ಆ ಮನೆಗಳಲ್ಲಿ ಅರಸು ಫೋಟೊ ಗೋಡೆಯಲ್ಲಿತ್ತು. ಕುಡಿಯುವ ನೀರು ಮಾತ್ರ ನಜೀರ್ ಸಾಬರ ಪಂಪಿನದು. ಅವರಿಗೆ ಇದರಲ್ಲಿ ಯಾವ ಗೊಂದಲವೂ ಕಾಣಲಿಲ್ಲ. ಗೊಂದಲವೆಲ್ಲ ಪತ್ರಿಕೆ ಓದುವ ನಮ್ಮಂಥವರದು.

ನನ್ನ ಲೆಕ್ಕದಲ್ಲಿ ನಜೀರ್ ಸಾಬರ ದೊಡ್ಡ ಕೆಲಸ ನೀರೂ ಅಲ್ಲ, 1983ರ ಪಂಚಾಯತ್ ಕಾಯ್ದೆ. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು, ನಾಲ್ಕನೇ ಒಂದು ಪಾಲು ಸ್ಥಾನ ಹೆಂಗಸರಿಗೆ ಸಿಕ್ಕಿತು. ನಮ್ಮ ಶಾಲೆಯ ಹೆಂಚು ಒಡೆದರೆ ಬೆಂಗಳೂರಿಗೆ ಅರ್ಜಿ ಬರೆದು ಕಾಯುವುದಕ್ಕಿಂತ, ಎದುರು ಮನೆಯ ಮೆಂಬರನ್ನು ಜಗಲಿಗೇ ಹೋಗಿ ಹಿಡಿಯುವುದು ಸಲೀಸಾಯಿತು.

ಇಷ್ಟೆಲ್ಲ ಆದರೂ 1989ರಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಜನತಾದವರ ಒಳಜಗಳ, ದೂರವಾಣಿ ಕದ್ದಾಲಿಕೆಯ ರಗಳೆ ಯಾರಿಗೆ ಬೇಕಿತ್ತು? ಹಿಂದಿನ ವರ್ಷವೇ ನಜೀರ್ ಸಾಬರು ತೀರಿಕೊಂಡಿದ್ದರು. ಪಂಪು ಊರಲ್ಲೇ ಇತ್ತು. ಅದರ ವಾಷರ್ ಸವೆದಾಗ ಬೈಯುವುದಕ್ಕೆ ಹೊಸ ಸರ್ಕಾರ ಬಂದಿತ್ತು.