ಲಂಡನ್ನಿನ ಗೋಡೆಗಳಿಗೆ ಬಣ್ಣ ಹಚ್ಚಿದವರು

ಲಂಡನ್ನಿನ ಮನೆಯೊಂದು ಚಳಿಗಾಲದಲ್ಲಿ ಎಷ್ಟು ಬಿಸಿ ಸೋರಿಸುತ್ತದೆ ಎಂಬುದು ಬಹುಮಟ್ಟಿಗೆ ಅದರ ವಯಸ್ಸಿನ ಮೇಲೆ ನಿಂತಿದೆ. ವಿಕ್ಟೋರಿಯಾ ಕಾಲದ ಸಾಲುಮನೆಗಳದ್ದು ಸಾಮಾನ್ಯವಾಗಿ ಒಂಬತ್ತು ಅಂಗುಲದ ಗಟ್ಟಿ ಇಟ್ಟಿಗೆ ಗೋಡೆ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ, ನಡುವೆ ಟೊಳ್ಳು ಬಿಟ್ಟು ಎರಡು ಪದರವಾಗಿ ಕಟ್ಟುವ ರೂಢಿ ಹರಡಿತು. ಟೊಳ್ಳಿಗೆ ಉಷ್ಣನಿರೋಧಕ ತುಂಬುವುದು ಅಗ್ಗದ ಕೆಲಸ. ಗಟ್ಟಿ ಗೋಡೆಗೆ ಒಳಗಿನಿಂದಲೋ ಹೊರಗಿನಿಂದಲೋ ಹೊದಿಕೆ ಹಾಕಬೇಕು, ಅದಕ್ಕೆ ಖರ್ಚು ಹಲವು ಪಟ್ಟು. ಇಂಗ್ಲೆಂಡಿನ ಮನೆಗಳಲ್ಲಿ ಸುಮಾರು ಐದರಲ್ಲೊಂದು 1919ಕ್ಕಿಂತ ಹಳೆಯದು. ಯಾವ ಬೀದಿಯಲ್ಲಿ ಯಾವ ಗೋಡೆಯಿದೆ ಎಂದು ಗೊತ್ತಿಲ್ಲದೆ ಹಾಕುವ ಇಂಧನ ಉಳಿತಾಯದ ಯೋಜನೆ ಬರೀ ಅಂದಾಜು.

ಈ ತಿಳಿವಳಿಕೆ ಹಿಂದೆ ಇರಲೇ ಇಲ್ಲವೆಂದಲ್ಲ, ಸಾರ್ವಜನಿಕರ ಕೈಯಲ್ಲಿರಲಿಲ್ಲ. 1880ರ ದಶಕದಿಂದ ಚಾರ್ಲ್ಸ್ ಗೋಡ್ ಅವರ ಕಂಪನಿ ಬ್ರಿಟನ್ನಿನ ವ್ಯಾಪಾರ ಕೇಂದ್ರಗಳ ಕಟ್ಟಡಗಳಲ್ಲಿ ಇಟ್ಟಿಗೆ ಎಷ್ಟು, ಮರ ಎಷ್ಟು, ಮಹಡಿ ಎಷ್ಟು ಎಂದು ಬಣ್ಣದಲ್ಲಿ ಗುರುತಿಸಿತು. ಆದರೆ ಅವು ಬೆಂಕಿ ವಿಮೆಯವರಿಗೆ ಬಾಡಿಗೆಗೆ ಕೊಟ್ಟ ನಕ್ಷೆಗಳು. ಸರ್ಕಾರಿ ಆರ್ಡ್‌ನನ್ಸ್ ಸರ್ವೆಯ ವಿವರವಾದ ದತ್ತಾಂಶಕ್ಕೂ ಪರವಾನಗಿ, ಶುಲ್ಕ. ಆ ಬೇಲಿಯ ಎದುರು 2004ರಲ್ಲಿ ಸ್ಟೀವ್ ಕೋಸ್ಟ್ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು ಆರಂಭಿಸಿದರು. ಮುಂದಿನ ದಶಕದಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಪಾಲಿ ಹಡ್ಸನ್ ಅವರ ಮುಂದಾಳತ್ವದಲ್ಲಿ ‘ಕಲರಿಂಗ್ ಲಂಡನ್’ ಬಂತು. ಕಟ್ಟಡದ ವಯಸ್ಸು, ಬಗೆ, ಸಾಮಗ್ರಿಗಳನ್ನು ಅಲ್ಲಿ ಯಾರು ಬೇಕಾದರೂ ದಾಖಲಿಸಬಹುದು.

ಹವ್ಯಾಸಿಗಳ ಮಾತನ್ನು ನಂಬುವುದು ಹೇಗೆ? ಈ ಅನುಮಾನಕ್ಕೆ ಬ್ರಿಟನ್ ಹಿಂದೆಯೇ ಉತ್ತರ ಕಂಡಿತ್ತು. 1930ರ ದಶಕದಲ್ಲಿ ಡಡ್ಲಿ ಸ್ಟ್ಯಾಂಪ್ ಶಾಲಾ ಮಕ್ಕಳನ್ನೂ ಶಿಕ್ಷಕರನ್ನೂ ಹೊಲಹೊಲಕ್ಕೆ ಕಳಿಸಿ ಭೂಬಳಕೆಯ ನಕ್ಷೆ ಮಾಡಿಸಿದರು. ಯುದ್ಧಕಾಲದಲ್ಲಿ ಆಹಾರ ಬೆಳೆಯುವ ಯೋಜನೆಗೆ ಅದು ಒದಗಿತು. ಗೋಡೆಯನ್ನು ಗುರುತಿಸುವುದೂ ಹಾಗೆಯೇ ಕಲಿಯಬಹುದಾದ ವಿದ್ಯೆ: ಒಂದೇ ವರಸೆಯಲ್ಲಿ ಇಟ್ಟಿಗೆಯ ಉದ್ದಬದಿ, ಅಡ್ಡತುದಿ ಸರದಿಯಾಗಿ ಕಂಡರೆ ಗಟ್ಟಿ ಗೋಡೆ, ಬರೀ ಉದ್ದಬದಿಗಳೇ ಕಂಡರೆ ಹೆಚ್ಚಾಗಿ ಟೊಳ್ಳು ಗೋಡೆ. ಗಿಲಾವು ಬಳಿದ ಗೋಡೆ ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ.

2007ರಿಂದ ಇಂಧನ ಪ್ರಮಾಣಪತ್ರ ಇದೆಯಲ್ಲ ಎನ್ನುವವರುಂಟು. ಅದು ಕಡ್ಡಾಯವಾಗಿ ಬೇಕಾಗುವುದು ಮನೆ ಕಟ್ಟಿದಾಗ, ಮಾರಿದಾಗ, ಬಾಡಿಗೆಗೆ ಕೊಟ್ಟಾಗ. ತಲೆಮಾರಿನಿಂದ ಒಂದೇ ಕುಟುಂಬ ಇರುವ ಮನೆ ಆ ಲೆಕ್ಕದಿಂದ ಹೊರಗುಳಿಯಬಹುದು. ಹಳೆಯ ಮನೆಯ ಪ್ರಮಾಣಪತ್ರದಲ್ಲೂ ವಯಸ್ಸೆಂದರೆ ಪರೀಕ್ಷಕರು ಆರಿಸುವ ಒಂದು ಕಾಲಾವಧಿ, ಅಷ್ಟೇ.

ಇದಕ್ಕಿಂತ ತೂಕದ ಆಕ್ಷೇಪ ಬೇರೆಯಿದೆ. ಸ್ವಯಂಸೇವಕರು ಎಲ್ಲ ಕೇರಿಗಳಲ್ಲೂ ಸಮನಾಗಿ ಸಿಗುವುದಿಲ್ಲ. ಬಿಡುವೂ ಕಂಪ್ಯೂಟರೂ ಇರುವವರ ಬಡಾವಣೆ ಬೇಗ ತುಂಬುತ್ತದೆ, ಚಳಿಯಲ್ಲಿ ನಡುಗುವವರದ್ದು ಖಾಲಿ ಉಳಿಯುತ್ತದೆ. 1889ರಿಂದ ಹೊರಬಂದ ಚಾರ್ಲ್ಸ್ ಬೂತ್ ಅವರ ಬಡತನದ ನಕ್ಷೆ ಕೆಲವು ಬೀದಿಗಳಿಗೆ ಕಪ್ಪು ಬಳಿದು, ಅಲ್ಲಿನವರನ್ನು ಅರೆಅಪರಾಧಿಗಳೆಂದು ಕರೆದದ್ದನ್ನೂ ಮರೆಯುವಂತಿಲ್ಲ. ಆದ್ದರಿಂದ ಖಾಲಿ ಉಳಿದ ಬೀದಿಗಳನ್ನು ತುಂಬಿಸುವ ಹೊಣೆಯನ್ನು ನಗರಸಭೆಯೇ ಹೊರಬೇಕು. ಅನುದಾನ ಯಾರಿಗೆ ಎಂಬ ತೀರ್ಮಾನವನ್ನೂ ನಕ್ಷೆಗೆ ಬಿಡಬಾರದು. ಪರೀಕ್ಷಕರು ಮೊದಲು ಯಾವ ಬೀದಿಗೆ ಹೋಗಬೇಕು ಎಂದು ಹೇಳಲು ಮಾತ್ರ ಅದು ಧಾರಾಳ ಸಾಕು.