ಗೊತ್ತಿರೋರು ಯಾರಾದ್ರೂ ಇದ್ದಾರಾ?

1960ರ ದಶಕದ ಕೊನೆ. ಅಮೆರಿಕದ ಬಾಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಹಾರ್ವರ್ಡ್‌ನ ಸಂಶೋಧನಾ ವಿದ್ಯಾರ್ಥಿ ಮಾರ್ಕ್ ಗ್ರಾನೊವೆಟರ್, ಆಗಷ್ಟೇ ಕೆಲಸ ಬದಲಿಸಿದವರನ್ನು ಹುಡುಕಿ ಮಾತಾಡಿಸುತ್ತಿದ್ದರು. ಈ ಕೆಲಸದ ಸುದ್ದಿ ಹೇಳಿದ್ದು ನಿಮ್ಮ ಸ್ನೇಹಿತರೇ ಎಂದು ಕೇಳಿದರೆ, ಒಬ್ಬರಾದ ಮೇಲೊಬ್ಬರು ಅವರನ್ನೇ ತಿದ್ದುತ್ತಿದ್ದರು: ಸ್ನೇಹಿತರಲ್ಲ, ಪರಿಚಯದವರು. ಆ ತಿದ್ದುಪಡಿಯನ್ನು ಅವರು ಸುಮ್ಮನೆ ಬಿಡಲಿಲ್ಲ.

ನಮಗೆ ಈ ವ್ಯತ್ಯಾಸ ಹೊಸದೇನಲ್ಲ. ನೆಂಟರು, ಗೆಳೆಯರು, ಪರಿಚಯದವರು, ಬರೀ ಮುಖಪರಿಚಯ ಇರುವವರು, ಒಬ್ಬೊಬ್ಬರ ತೂಕವೂ ಬೇರೆ ಎಂದು ಮದುವೆ ಕರೆಯೋಲೆ ಹಂಚುವಾಗಲೇ ಗೊತ್ತಾಗುತ್ತದೆ. ಕೆಲಸದ ಮಾತು ಬಂದಾಗ ಮಾತ್ರ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ ‘ವಶೀಲಿ’ ಎಂದುಬಿಡುತ್ತೇವೆ. ಈ ಕುರಿತ ಸುಮಾರು ತೊಂಬತ್ತು ವರ್ಷಗಳ ಸಂಶೋಧನೆಯನ್ನು ಓದುತ್ತಾ ಹೋದರೆ, ಸಂಶೋಧಕರು ಮಾಡಿರುವುದೆಲ್ಲ ಆ ಚೀಲವನ್ನು ಸುರಿದು ಬೇರೆ ಬೇರೆ ಮಾಡುವ ಕೆಲಸವೇ ಎನಿಸುತ್ತದೆ.

ಮೊದಲಿಗರು ಎಣಿಸಿ ಸುಮ್ಮನಾದರು. 1932ರಲ್ಲಿ ಡೊರೊಥಿಯಾ ಡಿ ಶ್ವೈನಿಟ್ಜ್ ಫಿಲಡೆಲ್ಫಿಯಾದ ನಾಲ್ಕು ಸಾವಿರ ಕಾಲುಚೀಲ ನೇಯುವ ಕಾರ್ಮಿಕರಿಗೆ ಕೆಲಸ ಹೇಗೆ ಸಿಕ್ಕಿತೆಂದು ಬರೆದ ಪುಸ್ತಕ ಆ ಸಾಲಿನದು. ಕಾರ್ಮಿಕರ ಕುರಿತ ಅಂಥ ಅಧ್ಯಯನಗಳಲ್ಲೆಲ್ಲ ಕಂಡದ್ದು ಒಂದೇ. ಜಾಹೀರಾತು, ಏಜೆನ್ಸಿಗಳಿಗಿಂತ ಬಾಯಿಮಾತಿನಿಂದ ಸಿಕ್ಕ ಕೆಲಸಗಳೇ ಹೆಚ್ಚು. ಆದರೆ ಯಾರ ಬಾಯಿಮಾತು ಎಂದು ಕೆದಕಿ ಕೇಳಿದವರು ವಿರಳ.

ಗ್ರಾನೊವೆಟರ್ ಕೇಳಿದರು. ವೃತ್ತಿಪರ, ತಾಂತ್ರಿಕ, ಮ್ಯಾನೇಜರ್ ಹುದ್ದೆಗಳ 282 ಗಂಡಸರ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಯದಿಂದ. ಸುದ್ದಿ ಹೇಳಿದವರನ್ನು ಆ ದಿನಗಳಲ್ಲಿ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂಬುದು ಮುಂದಿನ ಪ್ರಶ್ನೆ. ವಾರಕ್ಕೆ ಎರಡು ಸಲವಾದರೂ ಎಂದವರು ನೂರಕ್ಕೆ 17ರಷ್ಟೂ ಇಲ್ಲ. ಆಗೊಮ್ಮೆ ಈಗೊಮ್ಮೆ ಎಂದವರು ಸುಮಾರು 56. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಎಂದವರು ಸುಮಾರು 28. ಕಾರಣ ಸರಳ. ಆಪ್ತ ಗೆಳೆಯರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ, ಅವರ ಓಡಾಟವೂ ನಮ್ಮ ವಲಯದಲ್ಲೇ. ದೂರದ ಪರಿಚಯದವರು ಬೇರೆ ಕಟ್ಟೆಯಲ್ಲಿ ಕೂರುವವರು, ಆ ಕಟ್ಟೆಯ ಸುದ್ದಿ ನಮಗೆ ಬರುವುದು ಅವರಿಂದಲೇ. ಇದನ್ನು ವಾದಿಸಿದ ‘ದುರ್ಬಲ ನಂಟುಗಳ ಬಲ’ ಎಂಬ ಅವರ ಲೇಖನವನ್ನು 1969ರಲ್ಲಿ ಒಂದು ಪ್ರಮುಖ ಪತ್ರಿಕೆ ತಿರಸ್ಕರಿಸಿತ್ತು. 1973ರಲ್ಲಿ ಇನ್ನೊಂದು ಪತ್ರಿಕೆಯಲ್ಲಿ ಅಚ್ಚಾಗಿ, ಸಮಾಜಶಾಸ್ತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಬರಹಗಳಲ್ಲಿ ಒಂದಾಯಿತು.

ಇದನ್ನು ಮುಂದುವರಿಸಿದವರಲ್ಲಿ ರೊನಾಲ್ಡ್ ಬರ್ಟ್ ಮುಖ್ಯರು. ಒಂದಕ್ಕೊಂದು ಸಂಪರ್ಕವಿಲ್ಲದ ಎರಡು ಗುಂಪುಗಳ ನಡುವೆ ನಿಂತವರಿಗೇ ಲಾಭ ಎಂದು 1992ರ ಪುಸ್ತಕದಲ್ಲಿ ವಾದಿಸಿದರು. ವಾದ ಸರಿ, ಆದರೆ ಅದನ್ನು ಹಿಡಿದು ಹುಟ್ಟಿದ ‘ನೆಟ್‌ವರ್ಕಿಂಗ್’ ಉಪದೇಶದ ಬಗ್ಗೆ ನನಗೆ ತಕರಾರಿದೆ. ಸಮ್ಮೇಳನದ ಊಟದ ಹೊತ್ತಿನಲ್ಲಿ ಮೂವತ್ತು ವಿಸಿಟಿಂಗ್ ಕಾರ್ಡ್ ಬಾಚಿಕೊಂಡು ಬರುವುದಕ್ಕೆ ಗ್ರಾನೊವೆಟರ್ ಹೆಸರು ಹೇಳುವುದು ಅನ್ಯಾಯ. ಅವರು ಕಂಡ ಪರಿಚಯಗಳಲ್ಲಿ ಬಹಳಷ್ಟು ಹಳೆಯ ಕೆಲಸದ ಜಾಗದಲ್ಲಿ ತಾವಾಗಿ ಬೆಳೆದವು.

ಚೀಲ ನಿಜಕ್ಕೂ ಬಿಚ್ಚಿದ್ದು ಚೀನಾದಲ್ಲಿ. ತಿಯಾನ್‌ಜಿನ್ ನಗರದಲ್ಲಿ 1988ರಲ್ಲಿ ನಡೆದ ಸಮೀಕ್ಷೆಯನ್ನು ಆಧರಿಸಿ ಯಾಂಜಿ ಬಿಯಾನ್ 1997ರಲ್ಲಿ ಬರೆದ ಲೇಖನ, ಅಲ್ಲಿ ಕೆಲಸಕ್ಕೆ ಬಂದದ್ದು ಗಟ್ಟಿ ನಂಟುಗಳೇ ಎಂದು ತೋರಿಸಿತು. ಆಗ ಅಲ್ಲಿ ಕೆಲಸ ಹಂಚುತ್ತಿದ್ದದ್ದು ಸರ್ಕಾರ. ಸುದ್ದಿ ತಿಳಿದರೆ ಸಾಲದು, ಅಧಿಕಾರಿ ಮನಸ್ಸು ಮಾಡಬೇಕು. ಅಂಥ ಉಪಕಾರವನ್ನು ಮುಖಪರಿಚಯದವರು ಮಾಡುವುದಿಲ್ಲ. ನೇರ ಪರಿಚಯವಿಲ್ಲದಿದ್ದರೆ ಇಬ್ಬರಿಗೂ ಬೇಕಾದ ನಡುವಿನವರೊಬ್ಬರು ಬೇಕು. ಅಂದರೆ ಪರಿಚಯದಿಂದ ಸುದ್ದಿ ಬರುವುದೇ ಬೇರೆ, ವಶೀಲಿ ನಡೆಯುವುದೇ ಬೇರೆ. ಈ ಇಡೀ ಕ್ಷೇತ್ರದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬರುವ ಮಾತು ಇದೇ ಎಂದು ನನ್ನ ಎಣಿಕೆ.

ಏಕೆಂದರೆ ನಮ್ಮಲ್ಲಿ ಸುದ್ದಿ, ವಶೀಲಿ ಎರಡೂ ಜೊತೆಯಲ್ಲೇ ಇದ್ದವು. ಬೆಂಗಳೂರಿನ ಕಾರ್ಖಾನೆಗಳಲ್ಲಿ ಅಧ್ಯಯನ ನಡೆಸಿ 1976ರಲ್ಲಿ ಪುಸ್ತಕ ತಂದ ಮಾರ್ಕ್ ಹೋಮ್‌ಸ್ಟ್ರಾಮ್, ಕಾರ್ಮಿಕರ ಕಣ್ಣಿನಲ್ಲಿ ಕಾಯಂ ನೌಕರಿ ಒಂದು ಕೋಟೆಯಂತಿತ್ತು ಎಂದರು. ಒಳಗಿದ್ದವರು ಕ್ಷೇಮ, ಹೊರಗಿದ್ದವರಿಗೆ ಬಾಗಿಲ ಚಿಂತೆ. ಮುಂಬಯಿಯ ದಾದರ್‌ನ ಶಾಲೆಗಳ ಕುರಿತು ಕೈವನ್ ಮುನ್ಷಿ ಮತ್ತು ಮಾರ್ಕ್ ರೋಸೆನ್‌ಝ್ವೈಗ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಥೆ ತಿರುವು ಪಡೆಯುತ್ತದೆ. ಜಾತಿಯ ನಂಟು ಗಿರಣಿ, ಕಾರ್ಖಾನೆ ಕೆಲಸ ಕೊಡಿಸುತ್ತಿದ್ದ ಸಮುದಾಯಗಳ ಗಂಡುಮಕ್ಕಳು, ಕಾಲ ಬದಲಾದರೂ, ಅದೇ ದಾರಿಗೆ ಒಯ್ಯುವ ಮರಾಠಿ ಮಾಧ್ಯಮದಲ್ಲೇ ಉಳಿದರು. ಆ ನಂಟಿನ ನೆರವು ಎಂದೂ ಸಿಗದಿದ್ದ ಹೆಣ್ಣುಮಕ್ಕಳು ಇಂಗ್ಲಿಷ್ ಶಾಲೆ ಸೇರಿ ಹೊಸ ಕೆಲಸಗಳತ್ತ ಹೊರಟರು. ಕೈಹಿಡಿದು ನಡೆಸಿದ ನಂಟೇ ಮುಂದೆ ಕಾಲಿಗೆ ತೊಡಕಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಓದಿಲ್ಲ.

ಇನ್ನು, ಪರಿಚಯದವರು ಯಾರ ಹೆಸರು ಹೇಳುತ್ತಾರೆ, ಏಕೆ ಹೇಳುತ್ತಾರೆ? ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪುಗಳ ಗೇಟಿನಲ್ಲಿ ‘ಟರ್ನರ್ ಬೇಕಾಗಿದ್ದಾರೆ’ ಎಂಬ ಬೋರ್ಡ್ ನೇತಾಡುತ್ತಿರುತ್ತದೆ. ಬೋರ್ಡ್ ನೋಡಿ ಬಂದ ಹುಡುಗನನ್ನು ಲೇತ್ ಮುಂದೆ ನಿಲ್ಲಿಸಿ ಒಂದು ಪೀಸ್ ಮಾಡಿಸಿ ನೋಡುತ್ತಾರೆ. ಒಳಗಿನ ಹಳೆಯ ಟರ್ನರ್ ಕರೆತಂದವನಾದರೆ ಮಾಲೀಕರು ಕೇಳುವುದು ಇವನನ್ನಲ್ಲ, ಅವರನ್ನು: “ಏನ್ರೀ, ಕೈ ಹೆಂಗಿದೆ?” ಉತ್ತರ ಸುಳ್ಳಾದರೆ ಮರ್ಯಾದೆ ಹೋಗುವುದು ಕರೆತಂದವರದು. ಲೋರಿ ಬೀಮನ್ ಮತ್ತು ಜೆರೆಮಿ ಮ್ಯಾಗ್ರುಡರ್ ಕೋಲ್ಕತ್ತದಲ್ಲಿ ಇದನ್ನೇ ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ಒಬ್ಬರನ್ನು ಕರೆತಂದರೆ ಇಷ್ಟು ಹಣ ಎಂದು ಕೆಲವರಿಗೆ ಹೇಳಿದರು, ಹಾಗೆ ಬಂದವರು ಕೆಲಸ ಚೆನ್ನಾಗಿ ಮಾಡಿದರೆ ಹೆಚ್ಚು ಎಂದು ಇನ್ನು ಕೆಲವರಿಗೆ. ಎರಡನೆಯ ಗುಂಪಿನವರು ನೆಂಟರನ್ನು ಕರೆತಂದದ್ದು ಕಡಿಮೆ, ಜೊತೆಯಲ್ಲಿ ಕೆಲಸ ಮಾಡಿದವರನ್ನು ಹೆಚ್ಚು. ಯಾರ ಕೈ ಹೇಗೆ ಎಂಬ ಅಂದಾಜು ಸರಿಯಾಗಿದ್ದದ್ದು ಸ್ವತಃ ಕೆಲಸದಲ್ಲಿ ಚುರುಕಾಗಿದ್ದವರಿಗೆ. ವೃತ್ತಿಯಲ್ಲಿ ನಂಬಿಕೆಯ ಸಂಬಂಧ ಎಂದರೇನು ಎಂದು ನನ್ನನ್ನು ಕೇಳಿದರೆ, ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡವರ ಜೊತೆಗಿನ ಸಂಬಂಧ ಎನ್ನುತ್ತೇನೆ.

ಕಂಡವರು ಆಮೇಲೆ ದೂರವಾದರೂ ಚಿಂತೆಯಿಲ್ಲ. ಕನಿಷ್ಠ ಮೂರು ವರ್ಷ ಮಾತೇ ಇಲ್ಲದ ಹಳೆಯ ಪರಿಚಯದವರ ಸಲಹೆ ಕೇಳಿ ಎಂದು ಅಧಿಕಾರಿಗಳಿಗೆ ಹೇಳಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಬಂತು. ಹಳೆಯ ನಂಬಿಕೆ ಹಾಗೇ ಇತ್ತು, ಸುದ್ದಿ ಮಾತ್ರ ಹೊಸದು. ಸಿಕ್ಕ ಸಲಹೆ ದಿನವೂ ಸಿಗುವವರದಕ್ಕೆ ಸಾಟಿಯಾಗಿತ್ತು. ಹಳೆಯ ಆಫೀಸಿನವರಿಗೆ ಫೋನ್ ಮಾಡಲು ಸಂಕೋಚಪಡುವವರು ಇದನ್ನು ಗಮನಿಸಬೇಕು.

2003ರಲ್ಲಿ ವೃತ್ತಿ ಸಂಪರ್ಕಗಳ ಜಾಲತಾಣ ಲಿಂಕ್ಡ್‌ಇನ್ ಬಂದ ಮೇಲೆ ಎಣಿಕೆಯ ಅಳತೆಯೇ ಬದಲಾಯಿತು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಐದು ವರ್ಷಗಳಲ್ಲಿ ಅದರ ಸುಮಾರು 2 ಕೋಟಿ ಬಳಕೆದಾರರಿಗೆ ಬೇರೆ ಬೇರೆ ಬಗೆಯ ಪರಿಚಯಗಳನ್ನು ಸೂಚಿಸಿ ನೋಡಿತು. ಗ್ರಾನೊವೆಟರ್ ಊಹೆ ಬಹುಮಟ್ಟಿಗೆ ನಿಂತಿತು, ಒಂದು ತಿದ್ದುಪಡಿಯೊಂದಿಗೆ: ಹೆಚ್ಚು ನೆರವಾದದ್ದು ತೀರಾ ಅಪರಿಚಿತರೂ ಅಲ್ಲ, ಆಪ್ತರೂ ಅಲ್ಲ, ಅಷ್ಟಿಷ್ಟು ಗೊತ್ತಿರುವವರು.

ಆದರೆ ಹೆಸರು ಬಾಯಿಗೆ ಬಾರದವರ ಗತಿ? ಬೀಮನ್, ಮ್ಯಾಗ್ರುಡರ್ ಮತ್ತು ನಯಲ್ ಕೆಲೆಹರ್ ಆಫ್ರಿಕಾದ ಮಲಾವಿಯಲ್ಲಿ ನಡೆಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಯಾರನ್ನು ಬೇಕಾದರೂ ಸೂಚಿಸಿ ಎಂದಾಗ ಗಂಡಸರು ಹೇಳಿದ್ದು ಹೆಚ್ಚಾಗಿ ಗಂಡಸರ ಹೆಸರು. ಒಳ್ಳೆಯವರನ್ನು ತಂದರೆ ಹಣ ಹೆಚ್ಚು ಎಂದರೂ ಅದು ಬದಲಾಗಲಿಲ್ಲ. ಹೆಂಗಸರ ಹೆಸರನ್ನೇ ಕೊಡಿ ಎಂದು ಕೇಳಿದಾಗ ಅವರೇ ಅರ್ಹ ಹೆಂಗಸರನ್ನು ಸೂಚಿಸಿದರು. ನಿಮ್ಮ ಕಚೇರಿಯಲ್ಲಿ ರೆಫರಲ್ ಕೇಳಿ ಎಚ್‌ಆರ್ ಮೇಲ್ ಬಂದಾಗ, ಮೊದಲು ಹೊಳೆದ ಹೆಸರನ್ನು ಬರೆದಾದ ಮೇಲೆ ಒಂದು ನಿಮಿಷ ನಿಲ್ಲಿ. ಯಾರ ಕೆಲಸವನ್ನು ಕಣ್ಣಾರೆ ಕಂಡಿದ್ದೀರೋ ಅವರಲ್ಲಿ ಇನ್ನೊಬ್ಬರ ಹೆಸರನ್ನೂ ಸೇರಿಸಿ.