ಜಗಲಿಯಲ್ಲಿ ಬಭ್ರುವಾಹನ

ಕೊಪ್ಪ, ಶೃಂಗೇರಿ, ಹಿಂದೆ ಎಡೇಹಳ್ಳಿ ಎನಿಸಿದ್ದ ನರಸಿಂಹರಾಜಪುರ: ಈ ಸೀಮೆಯಲ್ಲಿ ಬಯಲಾಟಕ್ಕೊಂದು ಕಾಲ, ತಾಳಮದ್ದಲೆಗೊಂದು ಕಾಲ. ಮಳೆ ನಿಂತು ಗದ್ದೆ ಕೊಯ್ಲಾದ ಮೇಲೆ ಕರಾವಳಿಯ ಮೇಳಗಳು ಘಾಟಿ ಹತ್ತಿ ಬರುತ್ತಿದ್ದವು. ಬಯಲಲ್ಲಿ ಬೆಳಗಿನವರೆಗೂ ಆಟ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ವೇಷದ ಪೆಟ್ಟಿಗೆ ಮುಚ್ಚುತ್ತಿತ್ತು. ಅದೇ ಪ್ರಸಂಗ ಆಗ ಮನೆಯ ಜಗಲಿಗೋ ದೇವಸ್ಥಾನದ ಒಳಾಂಗಣಕ್ಕೋ ಬರುತ್ತಿತ್ತು. ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಮದ್ದಲೆಯ ನುಡಿ, ಎದುರುಬದುರು ಕೂತು ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಇದ್ದರೆ ಸಾಕು.

ತಾಳಮದ್ದಲೆ ನಿನ್ನೆ ಮೊನ್ನೆಯದಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲೇ ಅದರ ಉಲ್ಲೇಖವಿದೆ.

ಹರೆಯದ ಹುಡುಗನೊಬ್ಬ ‘ನಾನು ಯಾರ ಮಗ’ ಎಂದು ಕೇಳುವ ಕಥೆಯೂ ಈ ಜಗಲಿಗೆ ಹೊಸದಲ್ಲ. ಬಭ್ರುವಾಹನನ ಪ್ರಸಂಗಕ್ಕೆ ಮೂಲ ಲಕ್ಷ್ಮೀಶನ ಜೈಮಿನಿ ಭಾರತ. ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರು ಇದೇ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನದು. ಮಣಿಪುರದ ಬಭ್ರುವಾಹನ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕುತ್ತಾನೆ. ಕುದುರೆಯ ಕಾವಲಿಗೆ ಬಂದ ಅರ್ಜುನನೇ ಅಪ್ಪ ಎಂದು ತಾಯಿ ಚಿತ್ರಾಂಗದೆಯಿಂದ ತಿಳಿದಾಗ, ಕಾಣಿಕೆ ಹೊತ್ತು ಅವನ ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ಒದೆಯುತ್ತಾನೆ. ನನ್ನ ಮಗನೆಂದರೆ ಅಭಿಮನ್ಯು, ನೀನಲ್ಲ ಎನ್ನುತ್ತಾನೆ. ಮುಂದಿನ ಯುದ್ಧದಲ್ಲಿ ಅಪ್ಪನ ತಲೆಯೇ ಉರುಳುತ್ತದೆ. ಅವನು ಮತ್ತೆ ಬದುಕಬೇಕಾದರೆ ನಾಗಲೋಕದ ಮಣಿ ಬರಬೇಕು.

ತಾಳಮದ್ದಲೆಯ ಜೀವ ಇರುವುದು ಆ ತಿರಸ್ಕಾರದ ಗಳಿಗೆಯಲ್ಲಿ. ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ. ಅರ್ಥಧಾರಿಯ ಮುಂದೆ ಬರೆದಿಟ್ಟ ಮಾತಿಲ್ಲ. ನಾಲ್ಕು ಸಾಲಿನ ಪದ್ಯವನ್ನು ಅವನು ಅರ್ಧ ಗಂಟೆ ಬೆಳೆಸಬಹುದು: ತಾಯಿಯ ಮಾನ, ತಂದೆಯಿಲ್ಲದೆ ಬೆಳೆದ ಬಾಲ್ಯ, ಇಷ್ಟು ವರ್ಷ ಮಣಿಪುರದತ್ತ ತಿರುಗಿಯೂ ನೋಡದ ಅಪ್ಪ. ಎದುರಿಗೆ ಕೂತ ಅರ್ಜುನ ಇದಕ್ಕೆಲ್ಲ ಉತ್ತರ ಕೊಡಲೇಬೇಕು.

ಹರೆಯದ ಹುಡುಗನ ಇಂಥ ಸಂಕಟ ಬೇರೆ ನಾಡಿನ ಹಾಡಿಗೂ ವಸ್ತುವಾಗಿದೆ. ಇಂಗ್ಲೆಂಡಿನ ‘ದಿ ಹೂ’ ತಂಡ 1973ರಲ್ಲಿ ‘ಕ್ವಾಡ್ರೋಫೀನಿಯಾ’ ಎಂಬ ಜೋಡಿ ಧ್ವನಿಮುದ್ರಿಕೆ ತಂದಿತು. ಪೀಟ್ ಟೌನ್‌ಶೆಂಡ್ ರಚಿಸಿದ ಈ ರಾಕ್ ಗೀತನಾಟಕದ ನಾಯಕ ಜಿಮ್ಮಿ, 1960ರ ದಶಕದ ಲಂಡನ್ ಹುಡುಗ. ಮನೆಯವರೊಡನೆ ಹೊಂದದೆ, ಗೆಳೆಯರ ಗುಂಪಿನಲ್ಲೂ ನೆಲೆ ಕಾಣದೆ ಬ್ರೈಟನ್ ಕಡಲತೀರಕ್ಕೆ ಹೋಗುತ್ತಾನೆ. ಅವನ ಸಂಕಟವೂ ನಿಜವಾದದ್ದೇ. ಆದರೆ ಅವನಿಗೆ ಎದುರು ಕೂತು ಉತ್ತರ ಹೇಳುವ ಅರ್ಥಧಾರಿ ಇಲ್ಲ. ಮಲೆನಾಡಿನ ಜಗಲಿ ಹುಡುಗನ ಪ್ರಶ್ನೆಗೆ ಹಿರಿಯನನ್ನೇ ಕಟಕಟೆಯಲ್ಲಿ ನಿಲ್ಲಿಸಿತು. ಊರವರೆಲ್ಲ ಕೂತು ಕೇಳಿದರು.

ಬಭ್ರುವಾಹನನ ಕಥೆ ಜಗಲಿಯಲ್ಲೇ ಉಳಿಯಲಿಲ್ಲ. 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ ಚಿತ್ರದಲ್ಲಿ ತಂದೆ, ಮಗ ಎರಡೂ ಪಾತ್ರ ರಾಜ್‌ಕುಮಾರ್ ಅವರದೇ. ಮುಂದೆ ಕ್ಯಾಸೆಟ್ ಬಂತು. ಮೂವತ್ತು ದಾಟಿದ್ದಷ್ಟೇ ಎನ್ನುವಾಗ, 1990ರಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಕಂಠ ಅದರಿಂದ ಮನೆಮನೆ ತಲುಪಿತು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಹಾಗೆಯೇ ಮತ್ತೆ ಮತ್ತೆ ಕೇಳಿದವರು ಎಷ್ಟೋ ಮಂದಿ.

ಕೇಳುವುದಷ್ಟೇ ಸಾಲದು, ಹೇಳುವವರೂ ಬೇಕು. ಈ ಮೂರು ತಾಲ್ಲೂಕಿನ ಹೈಸ್ಕೂಲು, ಕಾಲೇಜುಗಳು ಮಳೆಗಾಲದಲ್ಲಿ ಒಂದು ತಾಳಮದ್ದಲೆ ಇಟ್ಟುಕೊಳ್ಳಲಿ. ಬಭ್ರುವಾಹನನ ಅರ್ಥವನ್ನು ಹದಿನಾರರ ಹುಡುಗನಿಗೋ ಹುಡುಗಿಗೋ ಕೊಡಲಿ, ಅರ್ಜುನನ ಅರ್ಥವನ್ನು ಮೇಷ್ಟ್ರೇ ಹೇಳಲಿ.